ಇರುವೆ ಹತ್ತದ ಜಾಗ

ನಮ್ಮ ಸೋದರಮಾವನ ಸಕ್ಕರೆ ಕಾಯಿಲೆಯನ್ನು ಮೊದಲು ಪತ್ತೆ ಹಚ್ಚಿದ್ದು ಚನ್ನಪಟ್ಟಣದ ಯಾವ ಡಾಕ್ಟರೂ ಅಲ್ಲ, ಅಕ್ಕೂರಿನ ಅವನ ಹಿತ್ತಲಿನ ಇರುವೆಗಳು. ಬೆಳಗ್ಗೆ ಮಾವ ಬೇಲಿ ಪಕ್ಕ ಮೂತ್ರಕ್ಕೆ ಕೂತು ಎದ್ದು ಬಂದ ಮೇಲೆ ಅಲ್ಲಿ ಇರುವೆಗಳು ಸಾಲುಗಟ್ಟುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಮಾವ ನೆರೆಯವರನ್ನು ಕರೆದು ತೋರಿಸಿದ. "ನೋಡ್ರಲಾ, ನಮ್ಮನೇಲಿ ಇರ್ವೆಗೂ ಬೆಳಿಗ್ಗೇನೆ ಕಾಫಿ ಆಯ್ತದೆ."

ಸಕ್ಕರೆ ನಮ್ಮ ತಾಯಿಯ ಕಡೆಯ ಆಸ್ತಿ. ಅಜ್ಜಿಗಿತ್ತು, ದೊಡ್ಡ ಮಾವನಿಗಿತ್ತು, ನಮ್ಮವ್ವನಿಗೆ ಅದರ ಜೊತೆ ಥೈರಾಯ್ಡೂ ಬಂದಿತ್ತು. ಕಿರಿಯವನಾದ ಈ ಬೋರೇಗೌಡ ಮಾವ ಇದನ್ನು ಜಮೀನಿನ ಭಾಷೆಯಲ್ಲೇ ಹೇಳುತ್ತಿದ್ದ. "ಹೊಲ ಪಾಲು ಮಾಡುದ್ರೆ ಎಲ್ರಿಗೂ ಕಮ್ಮಿ ಆಯ್ತದೆ ಕಣ್ಲಾ ಅಳಿಯ. ಇದು ನೋಡು, ಎಷ್ಟು ಜನ ಹಂಚ್ಕಂಡ್ರೂ ಒಬ್ಬೊಬ್ರಿಗೂ ಪೂರ್ತಿ."

ನಾನಾಗ ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಕಾಯಿಲೆ ಬರುವ ಗುಣವನ್ನು ವಂಶವಾಹಿಗಳು ದಾಟಿಸುತ್ತವೆ, ಅದು ಎಷ್ಟು ಬೇಗ, ಎಷ್ಟು ಜೋರಾಗಿ ಬರುತ್ತದೆ ಎಂಬುದರಲ್ಲಿ ನಮ್ಮ ಊಟದ ಪಾಲೂ ಇದೆ ಎಂದು ವಿವರಿಸಿದೆ. ಮಾವ ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡ. ಅಡುಗೆಮನೆಯ ಕಡೆ ಕೈ ತೋರಿಸಿ, "ಅಂಗಾರೆ ನಂದೇನೂ ತಪ್ಪಿಲ್ಲ ಅಂತ ನಿಮ್ಮತ್ತೆಗೆ ಒಸಿ ಹೇಳ್ಬುಡು" ಅಂದ. ಒಳಗಿಂದ ಜಯಮ್ಮತ್ತೆ ಕೇಳಿದಳು: "ಬೆಲ್ಲ ಕದಿ ಅಂತಲೂ ನಿಮ್ಮ ವಂಶವೇ ಹೇಳ್ಕೊಡ್ತಾ?"

ಕದಿಯುತ್ತಿದ್ದದ್ದು ನಿಜ. ಅತ್ತೆ ಬೆಲ್ಲದ ಡಬ್ಬ ಎಲ್ಲಿಟ್ಟರೂ ಮಾವನಿಗೆ ವಾಸನೆ ಬಡಿಯುತ್ತಿತ್ತು. ಪಕ್ಕದ ಮನೆಯ ಗೃಹಪ್ರವೇಶದಲ್ಲಿ ಊಟದ ಪಂಕ್ತಿಯ ನಡುವೆಯೇ ತಲೆ ತಿರುಗಿತೆಂದು ವಾಲಿಕೊಂಡ. ಸುತ್ತಲಿದ್ದವರು ಗಾಬರಿಯಾಗಿ ನೀರು ತರುವಷ್ಟರಲ್ಲಿ ಎಲೆಯ ಮೇಲಿದ್ದ ಒಬ್ಬಟ್ಟು ಮಾಯ. ಪಕ್ಕದವನ ಎಲೆಯದೂ ಮಾಯ. ಇನ್ನು ಅನ್ನ ಕಮ್ಮಿ ಮಾಡಿ ರಾಗಿ ತಿನ್ನಿ ಎಂದ ಡಾಕ್ಟರು ಎಷ್ಟು ಎಂದು ಹೇಳಿರಲಿಲ್ಲ. ಅವತ್ತಿನಿಂದ ಮಾವನ ಮುದ್ದೆ ದಪ್ಪವಾಗುತ್ತಾ ಹೋಯಿತು. ಅತ್ತೆ ಗೊಣಗಿದರೆ, "ಇದು ಔಸ್ದಿ ಕಣೆ, ಔಸ್ದಿ ತಟ್ಟೇಲಿ ಬುಡಬಾರ್ದು" ಎಂದು ಇನ್ನೊಂದಕ್ಕೆ ತಟ್ಟೆ ಚಾಚುತ್ತಿದ್ದ.

ಇದೇ ಮನುಷ್ಯ ರೇಷ್ಮೆಹುಳದ ವಿಷಯದಲ್ಲಿ ಬೇರೆಯವನೇ. ಇಬ್ಬನಿ ಆರದ ಸೊಪ್ಪನ್ನು ಹುಳಕ್ಕೆ ಹಾಕುತ್ತಿರಲಿಲ್ಲ. ಬೆರಳಲ್ಲಿ ಎಲೆ ಒರೆಸಿ ನೋಡುತ್ತಿದ್ದ. ತಳಿಯೂ ನೆಟ್ಟಗಿರಬೇಕು, ಸೊಪ್ಪೂ ನೆಟ್ಟಗಿರಬೇಕು, ಒಂದು ಕೆಟ್ಟರೂ ಗೂಡು ಆಗೋದಿಲ್ಲ ಅನ್ನುವುದು ಅವನ ಶಾಸ್ತ್ರ. ನಾನು ಕಾಲೇಜಿನ ಪುಸ್ತಕದಿಂದ ಹೇಳಿದ್ದೂ ಅದನ್ನೇ. ಹುಳಕ್ಕೆ ಒಪ್ಪಿದ ಸಿದ್ಧಾಂತ ತನಗೆ ಒಪ್ಪದೆಂದು ಅವನು ತೀರ್ಮಾನಿಸಿದ್ದ, ಅಷ್ಟೆ.

ಮಾತ್ರೆ ಸಾಲದೆ ಇಂಜೆಕ್ಷನ್ ಶುರುವಾಗಿತ್ತು. ಬೆಳಗ್ಗೆ ತಾನೇ ಹೊಟ್ಟೆಗೆ ಚುಚ್ಚಿಕೊಂಡು ಊಟಕ್ಕೆ ಕೂರಬೇಕು. ಆ ದಿನವೂ ಚುಚ್ಚಿಕೊಂಡ. ಅತ್ತೆ ಮುದ್ದೆ ಕಟ್ಟುತ್ತಿದ್ದಳು. ಅಷ್ಟರಲ್ಲಿ ಹುಳದ ಮನೆಯಿಂದ ಕೂಗು ಬಂತು, ಹುಳ ಹಣ್ಣಾಗಿವೆ ಎಂದು. ಹಣ್ಣಾದ ಹುಳ ಸೊಪ್ಪು ಬಿಟ್ಟು, ಮೈ ಹಳದಿಯಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅವನ್ನು ಆಯ್ದು ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡದಿದ್ದರೆ ಕಂಡಕಂಡಲ್ಲಿ ನೂಲು ಸುತ್ತಿ ಬೆಳೆಯನ್ನೇ ಹಾಳು ಮಾಡುತ್ತವೆ. ಅಂಥ ದಿನ ಅಕ್ಕೂರಿನಲ್ಲಿ ಯಾರೂ ಉಣ್ಣುವುದಿಲ್ಲ. ರಜೆಗೆ ಬಂದಿದ್ದ ನಾನೂ ಕೈಕಾಲು ತೊಳೆದು ಒಳಗೆ ಹೋದೆ. ಮುದ್ದೆ ಒಲೆಯ ಪಕ್ಕದಲ್ಲೇ ಉಳಿಯಿತು.

ಬಿಸಿಲು ಏರಿದಾಗ ಮಾವ ಹುಳಗಳನ್ನು ಚಂದ್ರಿಕೆಯ ಮೇಲಲ್ಲದೆ ನೆಲದ ಮೇಲೆ ಬಿಡುತ್ತಿರುವುದು ಕಂಡಿತು. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆವು. ಅಂಗಿ ನೆಂದು ಬೆನ್ನಿಗಂಟಿತ್ತು. ಹಾಗೇ ಕುಸಿದು ಕೂತು, "ಒಸಿ ಬೆಲ್ಲ ಕೊಡೆ" ಅಂದ.

ಎಲ್ಲರೂ ನಕ್ಕರು. ಅತ್ತೆ ತಲೆಯೆತ್ತದೆ, "ಹೋದ್ಸಲ ಇಂಗೇ ವಾಲ್ಕಂಡು ಎರಡೆಲೆ ಒಬ್ಬಟ್ಟು ಹೊಡ್ದೆ. ನಾಟ್ಕ ಸಾಕು, ಹುಳ ಆರ್ಸು" ಅಂದಳು. ಆಮೇಲೆ ಅವನ ಅಪ್ಪನನ್ನೂ, ಆ ಸಕ್ಕರೆಯ ವಂಶವನ್ನೂ ಎಳೆದು ಬಯ್ದಳು. ಮಾವ ತಿರುಗಿ ಬಯ್ಯಲಿಲ್ಲ.

ಅತ್ತೆಯ ಕೈ ಅಲ್ಲಿಗೇ ನಿಂತಿತು. ಅಪ್ಪನ ಸುದ್ದಿ ಎತ್ತಿದರೆ ಮಾವ ಒಂದಕ್ಕೆ ಹತ್ತು ಸೇರಿಸಿ ಬಯ್ಯುವವನು. ಅವಳು ಹತ್ತಿರ ಹೋಗಿ ಗಲ್ಲ ಹಿಡಿದೆತ್ತಿದಳು. ಮಾವ ಅವಳನ್ನು ನೋಡಿ, ಯಾರೋ ದಾರಿಹೋಕಳನ್ನು ಕೇಳುವಂತೆ, "ಅವ್ವಾ, ನಮ್ಮನೆ ಎಲ್ಲೈತೆ?" ಅಂದ.

ಅತ್ತೆ ಅಡುಗೆಮನೆಗೆ ಓಡಲಿಲ್ಲ. ನೇರ ಹುಳದ ಸ್ಟ್ಯಾಂಡಿಗೆ ಹೋದಳು. ಇರುವೆ ಹತ್ತಿ ಹುಳ ತಿನ್ನಬಾರದೆಂದು ಅದರ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿರುತ್ತಾರೆ. ತುತ್ತತುದಿಯ ಅಂತಸ್ತಿನಲ್ಲಿ, ತಟ್ಟೆಗಳ ಹಿಂದೆ ಕೈ ತೂರಿಸಿ ಒಂದು ತಗಡಿನ ಡಬ್ಬ ಎಳೆದಳು. ಅದರಲ್ಲಿ ಬೆಲ್ಲವಿತ್ತು. ನೀರಲ್ಲಿ ಕಿವುಚಿ, ಅವನನ್ನು ನನ್ನ ಎದೆಗೆ ಒರಗಿಸಿ, ಗುಟುಕು ಗುಟುಕಾಗಿ ಕುಡಿಸಿದಳು. ನುಂಗುತ್ತಿದ್ದ, ಅರ್ಧ ಗಲ್ಲದ ಮೇಲೆ ಸೋರುತ್ತಿತ್ತು. ಮೈ ತಣ್ಣಗಿತ್ತು, ಕಣ್ಣು ಮುಚ್ಚಿಹೋಗಿತ್ತು. ಒಂದು ಹುಳ ಅವನ ತೋಳು ಹತ್ತಿ, ಕತ್ತಿನ ಹತ್ತಿರ ಬಂದು, ತಲೆ ಅತ್ತಿತ್ತ ಆಡಿಸಿ, ಅಂಗಿಯ ಕಾಲರಿಗೆ ನೂಲು ಅಂಟಿಸತೊಡಗಿತು. ಜಾಗ ಸಿಕ್ಕಿತೆಂಬಂತೆ ನಿಧಾನವಾಗಿ ಸುತ್ತುತ್ತಿತ್ತು. ಅದನ್ನು ತೆಗೆಯಲು ನನಗೆ ಕೈ ಬರಲಿಲ್ಲ. ಇಂದಿಗೂ ಕಣ್ಣು ಮುಚ್ಚಿದರೆ ಆ ಹುಳ ಅಲ್ಲೇ ಸುತ್ತುತ್ತಿರುತ್ತದೆ, ಮಾವ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ.

ಬಿಟ್ಟ. ಸುತ್ತ ನೋಡಿದ, ಅತ್ತೆಯ ಕೈಲಿದ್ದ ಡಬ್ಬ ನೋಡಿದ. "ಇದು ನಿಂಗೆ ಎಂಗೆ ಸಿಕ್ತು?"

"ಇರ್ವೆ ಹತ್ತದ ಜಾಗ ಈ ಮನೇಲಿ ಇನ್ನೆಲ್ಲೈತೆ?" ಅಂದಳು ಅತ್ತೆ. ಅಂದು, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಕದ್ದ ಬೆಲ್ಲವನ್ನು ಅವನು ಎಲ್ಲಿ ಬಚ್ಚಿಡುತ್ತಾನೆಂದು ಅವಳಿಗೆ ಮೊದಲಿಂದಲೂ ಗೊತ್ತಿತ್ತು.

ಚನ್ನಪಟ್ಟಣದ ಡಾಕ್ಟರು ಅವತ್ತೇ ಇಬ್ಬರಿಗೂ ಬಯ್ದರು. ಚುಚ್ಚಿಕೊಂಡು ಉಣ್ಣದಿದ್ದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ, ಏರುವುದಕ್ಕಿಂತ ಅದು ಬೇಗ ಕೊಲ್ಲುತ್ತದೆ, ಇನ್ನು ಮೇಲೆ ಜೇಬಿನಲ್ಲಿ ಸಿಹಿ ಇಲ್ಲದೆ ಹೊಸಿಲು ದಾಟಬೇಡ ಅಂದರು. ಕೊನೆಯ ಮಾತನ್ನು ಇನ್ನೊಮ್ಮೆ ಜೋರಾಗಿ ಹೇಳುವಂತೆ ಮಾವ ಕೇಳಿಕೊಂಡ, ಹೆಂಡತಿಗೆ ಕೇಳಿಸಲೆಂದು.

ಅಲ್ಲಿಂದ ಅತ್ತೆಯೇ ದಿನಾ ಅವನ ಅಂಗಿ ಜೇಬಿಗೆ ಕಾಗದದಲ್ಲಿ ಸುತ್ತಿದ ಬೆಲ್ಲದ ಚೂರು ಹಾಕುತ್ತಿದ್ದಳು. ಮಾವ ಅದನ್ನು ಮುಟ್ಟುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಅವಳೇ ಕೊಟ್ಮೇಲೆ ಏನ್ ರುಚಿ ಇದ್ದಾತ್ಲಾ" ಅಂದ, ಬಹಳ ಬೇಜಾರಿನಿಂದ.

ಎಷ್ಟೋ ವರ್ಷಗಳ ಮೇಲೆ, ಕೊನೆಗೆ ಅವನನ್ನು ಕರೆದೊಯ್ದದ್ದು ಕಿಡ್ನಿ. ಅದಕ್ಕೆ ಸ್ವಲ್ಪ ಮುಂಚೆ, ನನಗೂ ಸಕ್ಕರೆ ಬಂದಿದೆ ಎಂದು ಹೇಳಲು ಹೋದಾಗ ಮಂಚ ಹಿಡಿದಿದ್ದ. ಕೈ ಚಾಚಿ ನನ್ನ ಜೇಬು ತಡವಿದ. ಖಾಲಿ. "ಪಾಲು ಬಂದೈತೆ, ಬುದ್ಧಿ ಬಂದಿಲ್ಲ" ಎಂದು, ಗೋಡೆಯ ಮೊಳೆಯಲ್ಲಿದ್ದ ತನ್ನ ಅಂಗಿ ತೋರಿಸಿದ. ಅದರಿಂದ ಒಂದು ಪೊಟ್ಟಣ ತೆಗೆದುಕೊಂಡೆ. ಅದೇ ಕೊನೆಯ ಭೇಟಿ.

ತಿಥಿಗೆ ಹೋದಾಗ ಅಂಗಿ ಅದೇ ಮೊಳೆಯಲ್ಲಿತ್ತು. ನೆಲದಿಂದ ಗೋಡೆಯುದ್ದಕ್ಕೂ ಒಂದು ಕಪ್ಪು ಸಾಲು ಏರಿ ಜೇಬಿನೊಳಕ್ಕೆ ಹೋಗುತ್ತಿತ್ತು. ನಾನು ಒದರಲು ಅಂಗಿ ತೆಗೆಯಹೋದೆ. ಅತ್ತೆ ಕೈ ಹಿಡಿದಳು.

"ಇರ್ಲಿ ಬುಡಪ್ಪ. ಅವುಕ್ಕೆ ಇನ್ನೂ ಯಾರೂ ಹೇಳಿಲ್ಲ."