ದಾಖಲಾತಿ ಪುಸ್ತಕದ ಮಹಾದೇವಿ

ಮುಖ್ಯಗುರುಗಳು ಹಳೆಯ ದಾಖಲಾತಿ ಪುಸ್ತಕವನ್ನು ಮೇಜಿನ ಮೇಲಿಟ್ಟು ತೆರೆದ ಕೂಡಲೇ ಒಣಗಿದ ಬೇವಿನೆಲೆಯ ವಾಸನೆ ಎದ್ದಿತು. ಹುಳ ಹತ್ತಬಾರದೆಂದು ಯಾವ ಕಾಲದ ಮಾಸ್ತರರೋ ಹಾಳೆಗಳ ನಡುವೆ ಇಟ್ಟಿದ್ದ ಎಲೆಗಳು. ಆ ಕಹಿ ವಾಸನೆಗೆ ನಮ್ಮ ಮಣ್ಣಿನ ಮಾಳಿಗೆಯ ಮನೆ ಕಣ್ಣ ಮುಂದೆ ಬಂದು ನಿಂತಿತು. ಅವ್ವ ಜೋಳದ ಚೀಲಗಳಿಗೆ ಇದೇ ಎಲೆ ಬೆರೆಸುತ್ತಿದ್ದಳು. ಹೊಸ್ತಿಲು ದಾಟಿದರೆ ಮೊದಲು ಎತ್ತುಗಳ ಬಿಸಿಯುಸಿರು, ಆಮೇಲೆ ಈ ವಾಸನೆ, ಅದರಾಚೆ ಒಲೆಯ ಹೊಗೆ. ಮಧ್ಯಾಹ್ನವೂ ಅರೆಗತ್ತಲಿರುತ್ತಿದ್ದ ಪಡಸಾಲೆಯಲ್ಲಿ ಅಕ್ಕ ನಮ್ಮ ತಮ್ಮನನ್ನು ಬಗಲಲ್ಲಿ ಎತ್ತಿಕೊಂಡು ಅಡ್ಡಾಡುತ್ತಿದ್ದಳು. ಅವಳನ್ನು ನೆನೆದರೆ ನನಗೆ ಕೂಸಿಲ್ಲದ ಬಗಲು ನೆನಪಾಗುವುದೇ ಇಲ್ಲ. ನೀವೂ ಅಂಥ ಮನೆಯಲ್ಲಿ ಬೆಳೆದವರಾದರೆ ಗೊತ್ತಿರುತ್ತದೆ, ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಕ್ಕ ದೊಡ್ಡಾಕಿ, ನಾನು ಸಣ್ಣಾಕಿ, ಅಷ್ಟೇ. ಈಗ ಆ ಮನೆ ಇಲ್ಲ, ಆ ಜಾಗದಲ್ಲಿ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ.

ನಾನು ನಮ್ಮೂರಿನ ಶಾಲೆಗೆ ಹೋದದ್ದು ನನ್ನ ಆತ್ಮಕಥೆಯ ಸಲುವಾಗಿ. ನಗಬೇಡಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪಾಠ ಮಾಡಿ, ನಿವೃತ್ತಳಾಗಿ, ಲಿಂಗಸುಗೂರಿನಲ್ಲಿ ಮನೆ ಕಟ್ಟಿಕೊಂಡು ಕೂತವಳಿಗೆ ಹೊತ್ತು ಹೋಗಬೇಡವೇ? ‘ನೀವು ಸಾಧಿಸಿದ್ದನ್ನು ನೀವೇ ಬರೆದಿಡಿ ಮೇಡಂ, ಮನಸ್ಸಿಗೆ ತೃಪ್ತಿ ಸಿಗುತ್ತದೆ’ ಎಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ಹುರಿದುಂಬಿಸಿದಳು. ದಪ್ಪ ನೋಟ್‌ಬುಕ್ ತಂದು ಶುರು ಮಾಡಿಯೇಬಿಟ್ಟೆ. ಮೊದಲ ಅಧ್ಯಾಯವನ್ನಂತೂ ಓದಿ ಓದಿ ನಾನೇ ಮೆಚ್ಚಿಕೊಂಡಿದ್ದೆ. ಆಗೆಲ್ಲ ಶಾಲೆಗೆ ಸೇರಿಸುವಾಗ ಮಕ್ಕಳ ವಯಸ್ಸು ಯಾರಿಗೆ ಗೊತ್ತು? ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಸಾಲಿಗೆ, ಇಲ್ಲದಿದ್ದರೆ ಮನೆಗೆ. ನನ್ನ ಕೈ ಮುಟ್ಟಲಿಲ್ಲ. ಬೆರಳುಗಳು ಕಿವಿಯಿಂದ ನಾಲ್ಕು ಅಂಗುಲ ದೂರದಲ್ಲೇ ಒದ್ದಾಡಿದವು. ಆದರೂ ಮಾಸ್ತರರು ನಕ್ಕು, ‘ಇರ್ಲಿ, ಕುಂದರ್ಸ್ರಿ’ ಅಂದರು. ‘ನನ್ನ ಚುರುಕುತನವನ್ನು ಆ ಪುಣ್ಯಾತ್ಮರು ಒಂದೇ ನೋಟಕ್ಕೆ ಗುರುತಿಸಿದರು’ ಎಂದು ನಾನು ಬರೆದಿದ್ದೆ. ಅಂದೇ ನನಗೆ ಮಹಾದೇವಿ ಎಂಬ ದೊಡ್ಡ ಹೆಸರೂ ಸಿಕ್ಕಿತು. ಅದು ನನ್ನದೇ ಹೆಸರು, ಮನೆಯವರು ಸೋಮಾರಿತನಕ್ಕೆ ಕರೆಯುತ್ತಿಲ್ಲ ಎಂದುಕೊಂಡಿದ್ದೆ. ಒಂದೇ ಒಂದು ಅನುಮಾನ ಉಳಿದಿತ್ತು, ಹುಟ್ಟಿದ ದಿನದ್ದು. ಅವ್ವ ಹೇಳುತ್ತಿದ್ದದ್ದಕ್ಕಿಂತ ಕಾಗದದಲ್ಲಿ ನನಗೆ ಎರಡು ವರ್ಷ ಹೆಚ್ಚು. ಮಾಸ್ತರರು ಅಂದಾಜಿಗೆ ಗೀಚಿದ್ದಕ್ಕೆ ಎರಡು ವರ್ಷ ಮೊದಲೇ ನಿವೃತ್ತಿಯಾಯಿತೆಂದು ಬೈದುಕೊಂಡದ್ದೂ ಉಂಟು. ನನ್ನ ಆತ್ಮಕಥೆಯಲ್ಲಿ ತಪ್ಪಿರಬಾರದೆಂದು ಮೂಲ ದಾಖಲೆ ನೋಡಲು ಬಸ್ಸು ಹತ್ತಿ ಮಸ್ಕಿಗೆ ಬಂದು, ಅಲ್ಲಿಂದ ಆಟೋದಲ್ಲಿ ನಮ್ಮೂರಿಗೆ ಬಂದಿದ್ದೆ.

ಮುಖ್ಯಗುರುಗಳು ಸಾಲಿನ ಮೇಲೆ ಬೆರಳಿಟ್ಟು ಓದಿದರು. ‘ಮಹಾದೇವಿ. ವಯಸ್ಸು ಆರು.’ ಸೇರಿದ ವರ್ಷ ನೋಡಿದರೆ ನಾನಾಗ ನಾಲ್ಕು ವರ್ಷದ ಕೂಸು. ನಾನು ಸಾಲಿಗೆ ಹೋದದ್ದು ಅದರ ಮರುವರ್ಷ. ಮುಂದಿನ ಕಾಲಮಿನಲ್ಲಿ ಗುರುತಿನ ಚಿಹ್ನೆ: ‘ಎಡ ಮೊಣಕೈ ಮೇಲೆ ಸುಟ್ಟ ಕಲೆ.’ ಅರವತ್ತು ದಾಟಿದ ಹೆಂಗಸು ನಾನು, ಆ ಹುಡುಗ ವಯಸ್ಸಿನ ಮುಖ್ಯಗುರುಗಳ ಮುಂದೆ ಸೆರಗು ಸರಿಸಿ ನನ್ನ ಮೊಣಕೈಯನ್ನು ಹುಡುಕಿ ನೋಡಿಕೊಂಡೆ. ಕಲೆ ಎಲ್ಲಿಂದ ಬರಬೇಕು? ಒಲೆಯ ಕೊಳ್ಳಿ ತಾಗಿ ಸುಟ್ಟುಕೊಂಡವಳು ಅಕ್ಕ. ಆ ಕಲೆಯ ಮೇಲೆ ತಲೆಯಿಟ್ಟೇ ತಮ್ಮ ನಿದ್ದೆ ಹೋಗುತ್ತಿದ್ದ. ಪುಸ್ತಕವನ್ನು ನನ್ನ ಕಡೆ ಎಳೆದುಕೊಂಡು ಆ ಸಾಲನ್ನೇ ಮತ್ತೆ ಮತ್ತೆ ಓದಿದೆ. ‘ನೀರ್ ಕುಡೀರಿ ಮೇಡಂ, ಏನಾತ್ರಿ?’ ಎಂದು ಅವರು ಗಾಬರಿಯಾದರು. ನನ್ನ ತಲೆಯಲ್ಲಿ ಅಕ್ಕನ ಹೆಸರೇ ತಿರುಗುತ್ತಿತ್ತು. ಮದುವೆಯ ದಿನ ಅತ್ತೆಮನೆಯವರು ಅಕ್ಕನಿಗೆ ಗಂಗಮ್ಮ ಎಂದು ಹೆಸರಿಟ್ಟಿದ್ದರು, ಸೊಸೆಗೆ ಹೊಸ ಹೆಸರಿಡುವುದು ಅವರ ಪದ್ಧತಿ. ಅದಕ್ಕೂ ಮೊದಲು ಅವಳಿಗೊಂದು ಹೆಸರಿದ್ದಿರಬೇಕೆಂದು ನಾನು ಇಷ್ಟು ವರ್ಷ ಒಮ್ಮೆಯೂ ಯೋಚಿಸಿರಲಿಲ್ಲ. ಎಂಥ ಮೇಷ್ಟ್ರು ನಾನು!

ಮನೆಗೆ ವಾಪಸು ಹೋಗಲು ಮನಸ್ಸಾಗಲಿಲ್ಲ. ಮಸ್ಕಿಯಿಂದ ಸಿಂಧನೂರಿನ ಬಸ್ಸು ಹಿಡಿದೆ, ಅಲ್ಲಿಂದ ಅಕ್ಕನಿರುವ ಸಾಲಗುಂದಕ್ಕೆ. ದಾರಿಯುದ್ದಕ್ಕೂ ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಸ್ಥಿತಿ. ಕದ್ದದ್ದು ನನಗೇ ಗೊತ್ತಿರಲಿಲ್ಲ ಎನ್ನುವುದೂ ಸಮಾಧಾನ ಕೊಡಲಿಲ್ಲ. ಅಕ್ಕ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ‘ಬಾ ಬೇ, ಫೋನಿಲ್ಲ ಪಾನಿಲ್ಲ, ಹಿಂಗ ಬಂದುಬಿಟ್ಟಿ? ಆರಾಮ ಅದಿಯಿಲ್ಲ?’ ಎಂದಳು. ನಾನು ಕೂರಲೂ ಇಲ್ಲ. ‘ಮಹಾದೇವಿ ಅಂದ್ರ ನೀನಾ?’ ಎಂದು ಕೇಳಿಬಿಟ್ಟೆ. ಅವಳ ಕೈ ಒಂದು ಗಳಿಗೆ ನಿಂತಿತು, ಮತ್ತೆ ಬೇಳೆಯಲ್ಲಿ ಆಡತೊಡಗಿತು.

‘ಈಗ ಗೊತ್ತಾತೇನು?’ ಎಂದಳು. ‘ಎರಡು ತಿಂಗಳ ಸಾಲಿಗೆ ಹೋಗಿದ್ದೆ. ತಮ್ಮ ಹುಟ್ಟಿದ, ಕೂಸಿನ್ನ ಹಿಡಿಯಾಕ ನನ್ನ ಬಿಡಿಸಿದ್ರು. ಮರುವರ್ಷ ಮಾಸ್ತರ್ರು ಬಂದು, ಹೆಸರು ಹಂಗಾ ಬಿದ್ದೈತಿ, ಸಾಹೇಬ್ರು ತಪಾಸಣೆಗೆ ಬಂದ್ರ ಏನ್ ತೋರಿಸ್ಲಿ, ಯಾರನ್ನರೆ ಕಳಿಸ್ರಿ ಅಂದ್ರು. ಅಪ್ಪ ನಿನ್ನ ಕಳಿಸ್ದ. ನಿನಗ ತೊಟ್ಟಿಲದಾಗ ಶರಣವ್ವ ಅಂತ ಇಟ್ಟಿದ್ರು.’

‘ಇಷ್ಟು ದಿನ ಯಾಕ ಹೇಳಲಿಲ್ಲ ಅಕ್ಕ?’ ಎಂದು ಕೇಳಿದೆ.

‘ಹೇಳಿದ್ರ ನೀ ಓದಾದು ಬಿಡ್ತಿದ್ದೇನೋ ಅಂತ ಮೊದಲು ಅಂಜಿಕಿ. ಆಮ್ಯಾಗ ನೌಕರಿಗೆ ಏನರ ತ್ರಾಸಾದೀತು ಅಂತ. ಅದು ಮುಗಿಯಾದ್ರಾಗ ಮರತೂ ಹೋತು.’ ಮರೆತಿರಲಿಲ್ಲ, ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ತಾನಾಗಿಯೇ ಹೇಳಿದಳು: ‘ನೀ ಮ್ಯಾಟ್ರಿಕ್ ಪಾಸಾದಾಗ ಪೇಪರಿನ್ಯಾಗ ನಂಬರ್ ಬಂದೈತಿ, ಮಹಾದೇವಿ ಪಾಸಾಗ್ಯಾಳ ಅಂತ ಅಪ್ಪ ಇಲ್ಲಿಗೆ ಹೇಳಿ ಕಳಿಸಿದ್ದ. ನಾ ಹಿತ್ತಲಕ್ಕ ಹೋಗಿ ಒಬ್ಬಾಕಿನಾ ಕುಂತು ನಕ್ಕಿದ್ದೆ.’ ನಾನು ಅವಳ ಪಕ್ಕದಲ್ಲಿ ಕೂತೆ. ನನ್ನ ಚುರುಕುತನ, ನನ್ನ ಛಲ, ಒಬ್ಬಂಟಿಯಾಗಿ ಮೇಲೆ ಬಂದೆನೆಂದು ಬರೆದ ನೂರು ಪುಟ, ಎಲ್ಲವೂ ನಾಚಿಕೆಗೇಡೆನಿಸಿತು. ಅವಳ ಕಾಲು ಹಿಡಿಯಲು ಹೋದರೆ ಮೊರ ಅಡ್ಡ ತಂದು, ‘ಹುಚ್ಚಾಕಿ’ ಎಂದು ಗದರಿಸಿದಳು.

ನಾನು ಬರೆಯುತ್ತಿದ್ದ ಬುಕ್ಕಿನ ಸಂಗತಿ ಹೇಳಿ, ಅದರಲ್ಲಿ ಇನ್ನು ಏನು ಬರೆಯಲಿ ಎಂದು ಕೇಳಿದೆ. ಅದು ಅವಳಿಗೆ ಸಂಬಂಧವೇ ಇಲ್ಲದ ಮಾತಾಗಿತ್ತು. ಬೇಳೆಯೊಳಗಿನ ಕಲ್ಲೊಂದನ್ನು ಹೆಕ್ಕಿ ಬೀದಿಗೆ ಎಸೆದಳು. ‘ಸಾಲ್ಯಾಗ ಮಾಸ್ತರ್ರು ಹಾಜರಿ ಕರೀತಿದ್ರಲ್ಲ, ಅದೊಂದು ನನಗ ಭಾಳ ಹಿಡಿಸ್ತಿತ್ತು. ಅದರ ಮ್ಯಾಗ ಯಾರೂ ನನ್ನ ಆ ಹೆಸರಿಲೆ ಕರೀಲಿಲ್ಲ’ ಎಂದಳು. ಆಮೇಲೆ ನನ್ನ ಕಡೆ ನೋಡದೆ, ಸಣ್ಣ ದನಿಯಲ್ಲಿ, ‘ಒಂದ್ಸಲ ಕರಿ ಬೇ. ನೀ ಮಾಸ್ತರಮ್ಮ ಅಲ್ಲೇನು’ ಎಂದಳು.

ಸಾವಿರಾರು ಮಕ್ಕಳ ಹಾಜರಿ ಕರೆದವಳು ನಾನು. ಸೆರಗು ಸರಿಪಡಿಸಿಕೊಂಡು, ತರಗತಿಯಲ್ಲಿ ಕರೆಯುವಂತೆಯೇ ಕರೆದೆ: ‘ಮಹಾದೇವಿ.’

ಅಕ್ಕ ಮೊರವನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು, ಮೊಣಕಾಲು ನೋವಿಗೆ ಮುಖ ಕಿವಿಚುತ್ತಾ ಎದ್ದು ನಿಂತಳು. ‘ಹಾಜರ್ ರೀ’ ಎಂದಳು. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಒಳಗಿನಿಂದ ಅಕ್ಕನ ಸೊಸೆ, ‘ಯಾರನ್ನ ಕರದ್ರಿ ಸಣ್ಣತ್ತಿ?’ ಎಂದು ಕೇಳಿದಳು.