ವರದಿಯ ಬೆನ್ನುಹತ್ತಿದ ನಿಜಾಮೋದ್ದೀನ ಸಾಹೇಬರು

ಬೀದರಿನ ದವಾಖಾನೆಯೊಂದರ ಹೊರರೋಗಿಗಳ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಕಂಪೌಂಡರರಾಗಿ ದುಡಿದು, ೧೯೫೬ರ ಈ ಬೇಸಿಗೆಯಲ್ಲಿ ನಿವೃತ್ತರಾದ ಜನಾಬ ನಿಜಾಮೋದ್ದೀನ ಸಾಹೇಬರು, ಔಷಧ ಕೊಟ್ಟಲ್ಲಿಗೆ ತಮ್ಮ ಕೆಲಸ ಮುಗಿಯಿತೆಂದು ತಿಳಿದವರಲ್ಲ. ಬಗದಲ್, ಮನ್ನಳ್ಳಿಗಳಿಂದ ನಡೆದು ಬಂದವರಿಗೆ ಚೀಟಿ ಓದಿ ಹೇಳಿ, ಅವರ ಬಾಯಿಂದ ಒಮ್ಮೆ ಹೇಳಿಸಿಯೇ ಕಳಿಸುತ್ತಿದ್ದ ಅವರ ತಾಳ್ಮೆಯನ್ನು ಕಂಡವರು ಬಹಳ. ಅದರೊಳಗಿನ ಕಳವಳವನ್ನು ಬಲ್ಲವರು ಕಡಿಮೆ.

೧೯೪೮ರ ಆಗಸ್ಟಿನಲ್ಲಿ ಭಾಲ್ಕಿ ಕಡೆಯ ಕುರಿಗಾರ ಮಡೆಪ್ಪನ ಹೆಂಡತಿ ಜನಾಬಾಯಿ, ಎದೆಯಲ್ಲಿ ಗಂಟಾಗಿದೆಯೆಂದು ಬಂದಿದ್ದಳು. ಡಾಕ್ಟರರು ಗಂಟಿನ ಚೂರು ತೆಗೆದು ಪರೀಕ್ಷೆಗೆಂದು ಹೈದರಾಬಾದಿಗೆ ಕಳಿಸಿದರು. ಅಷ್ಟರಲ್ಲಿ ನಿಜಾಮರ ರಾಜ್ಯದ ಮೇಲೆ ಭಾರತ ಸೇನೆಯ ಪೊಲೀಸ್ ಕಾರ್ಯಾಚರಣೆಯಾಯಿತು. ಟಪಾಲು ನಿಂತಿತು, ಡಾಕ್ಟರರು ವರ್ಗವಾಗಿ ಹೋದರು, ಜನ ದಿಕ್ಕಾಪಾಲಾದರು. ತಡವಾಗಿ ಬಂದ ವರದಿಯನ್ನು ಗುಮಾಸ್ತರು ಹಳೆಯ ಕಾಗದಗಳ ಕಟ್ಟಿನೊಳಗೆ ಸೇರಿಸಿದರು. ಹಳಬರು ಹೇಳಿರಬೇಕೆಂದು ಹೊಸ ಡಾಕ್ಟರರು ತಿಳಿದರು. ರೋಗಿಯೇ ಬರುತ್ತಾಳೆಂದು ಗುಮಾಸ್ತರು ತಿಳಿದರು. ಅಕ್ಟೋಬರಿನ ಕೊನೆಗೆ ಬೇರೇನೋ ಹುಡುಕುತ್ತಿದ್ದ ಸಾಹೇಬರ ಕೈಗೆ ಅದು ಸಿಕ್ಕಿತು. ಕ್ಯಾನ್ಸರು, ಕೂಡಲೇ ಶಸ್ತ್ರಕ್ರಿಯೆಯಾಗಬೇಕು. ತಾರೀಖು ಏಳು ವಾರ ಹಿಂದಿನದು.

ಕಾರ್ಯಾಚರಣೆಯ ಬೆನ್ನಿಗೇ ಹಳ್ಳಿಗಳಲ್ಲಿ ಗಲಭೆ ಎದ್ದಿದ್ದ ಆ ದಿನಗಳಲ್ಲಿ ಮುಸಲ್ಮಾನರೊಬ್ಬರು ಒಂಟಿಯಾಗಿ ಹಳ್ಳಿದಾರಿ ಹಿಡಿಯುವುದೆಂದರೆ ಜೀವವನ್ನೇ ಒತ್ತೆಯಿಟ್ಟಂತೆ. ಮೈಲೂರಿನ ಮನೆಯಲ್ಲಿ ಹೆಂಡತಿ ಬಾಗಿಲಿಗೆ ಅಡ್ಡ ನಿಂತರು. ಮೂರು ದಿನ ಸಾಹೇಬರು ಹೊರಡಲಿಲ್ಲ, ಊಟ ಸೇರಲಿಲ್ಲ. ಆ ಮೂರು ದಿನಗಳಿಗಾಗಿ ತಮ್ಮನ್ನು ತಾವು ಇಂದಿಗೂ ಅವರು ಕ್ಷಮಿಸಿಕೊಂಡಿಲ್ಲ.

ನಾಲ್ಕನೆಯ ದಿನ ಭಾಲ್ಕಿಯಲ್ಲಿ ಇಳಿದರು. ಮಡೆಪ್ಪನ ಹಿಂಡು ಔರಾದ ಕಡೆ ಹೋಗಿದೆಯೆಂದು ಕಿರಾಣಿ ಅಂಗಡಿಯ ಶಿವರಾಜಪ್ಪನವರಿಂದ ತಿಳಿಯಿತು.

“ಒಬ್ರೇ ಹೋಗಬ್ಯಾಡ್ರಿ ಸಾಹೇಬ್ರ, ನಾ ಸಂಗಾಟ ಬರ್ತೇನಿ,” ಎಂದು ಶಿವರಾಜಪ್ಪನವರು ಗಾಡಿ ಹೂಡಿಸಿದರು.

ಎರಡು ದಿನದ ದಾರಿ. ಎದುರಿಗೆ ನಾಲ್ಕು ಜನ ಕಂಡರೂ ಸಾಹೇಬರ ಕೈ ಶೇರವಾನಿಯೊಳಗಿನ ಕಾಗದವನ್ನು ಒತ್ತಿ ಹಿಡಿಯುತ್ತಿತ್ತು. ತಮಗೇನಾದರೂ ಆದರೆ ಇದನ್ನು ಆಕೆಗೆ ಓದಿ ಹೇಳುವವರು ಯಾರು?

ಔರಾದ ಹೊರಗಿನ ಹೊಲದಲ್ಲಿ ಮಡೆಪ್ಪ ಮೊದಲು ಬಡಿಗೆ ಎತ್ತಿದ. ಗುರುತು ಹತ್ತಿದ ಮೇಲೆ ಇಳಿಸಿದ.

“ಈಗ ನೋವಿಲ್ರಿ ಆಕಿಗಿ. ಮತ್ತ ದವಾಖಾನಿ ಯಾಕ್ರಿ?”

“ನೋವಿಲ್ಲಂತ ನೀವು ಸುಮ್ಮನ ಕುಂತೀರಂತನೇ ನಾ ಬಂದೀನಿ, ಮಡೆಪ್ಪ.”

ಸಾಹೇಬರು ವರದಿಯನ್ನು ಓದಿ ಹೇಳಿದರು. ಜನಾಬಾಯಿ ಸೆರಗು ಬಿಗಿಹಿಡಿದು ಕೇಳಿದಳು: “ನಾ ಬದುಕ್ತೀನೇನ್ರಿ, ಸಾಹೇಬ್ರ?”

ಸಾಹೇಬರು ಸುಳ್ಳು ಹೇಳಲಾರದೆ ಹೋದರು. “ನನಗ ಗೊತ್ತಿಲ್ಲವ್ವಾ. ಇವತ್ತ ಹೊಂಟ್ರ ಒಂದು ದಾರಿ ಅದ.”

ಅಂದೇ ಹೊರಟರು. ಹೈದರಾಬಾದಿನಲ್ಲಿ ಶಸ್ತ್ರಕ್ರಿಯೆಯಾಯಿತು. ಜನಾಬಾಯಿಗೆ ಎಡತೋಳು ಪೂರ್ತಿ ಎತ್ತಲು ಬರುವುದಿಲ್ಲ. ಆದರೆ ಇಂದಿಗೂ ಕುರಿ ಹಿಂಡಿನ ಹಿಂದೆ ನಡೆಯುತ್ತಾಳೆ.

ಅಂದಿನಿಂದ ಪರೀಕ್ಷೆಗೆ ಹೋದ ಪ್ರತಿಯೊಬ್ಬರ ಹೆಸರನ್ನೂ ಊರನ್ನೂ ನೆಂಟರ ವಿಳಾಸವನ್ನೂ ಸಾಹೇಬರು ಒಂದು ಪುಸ್ತಕದಲ್ಲಿ ಬರೆಯತೊಡಗಿದರು. ರೋಗಿಗೆ ಮುಖಾಮುಖಿಯಾಗಿ ವಿಷಯ ತಿಳಿಸುವವರೆಗೆ ಹೆಸರು ಹೊಡೆದುಹಾಕಲಿಲ್ಲ. ಬಾರದವರಿಗೆ ಸಂತೆಗೆ ಬಂದವರ ಕೈಯಲ್ಲಿ ಹೇಳಿಕಳಿಸಿದರು, ಕೆಲವೊಮ್ಮೆ ತಾವೇ ಹೋದರು. ಇಬ್ಬರು ಮಾತ್ರ ಸಿಗಲೇ ಇಲ್ಲ. ಆ ಇಬ್ಬರ ಮಾತು ಬಂದರೆ ಅವರು ಎದ್ದು ಹೊರಗೆ ಹೋಗುತ್ತಾರೆ.

ಇಂಥ ಹಿರಿಯರಿಗೆ ಭಗವಂತನು ನೂರು ವರ್ಷದ ಆಯುಸ್ಸನ್ನೂ ನಡೆಯುವ ಕಾಲ್ಬಲವನ್ನೂ ಕೊಡಲೆಂದು ಸಹೋದ್ಯೋಗಿಗಳೆಲ್ಲರೂ ಬೇಡುತ್ತೇವೆ. ವಿಶ್ರಾಂತಿಯನ್ನು ಹಾರೈಸಿ ಫಲವಿಲ್ಲ: ಕಳೆದ ವಾರದ ವರದಿಯೊಂದರ ರೋಗಿ ಇನ್ನೂ ಬಂದಿಲ್ಲವೆಂದು ಕೇಳಿ, ನಾಳೆ ಬೆಳಗಿನ ಔರಾದ ಬಸ್ಸಿಗೆ ಅವರು ಆಗಲೇ ಸಿದ್ಧರಾಗಿದ್ದಾರೆ.