ತೃಪ್ತಿ ಒಗೆಯುವ ಕೆಲಸ

ನಮ್ಮ ಯಜಮಾನರು ವಾಷಿಂಗ್ ಮೆಷಿನ್ ರಿಪೇರಿ ಮಾಡುತ್ತಾರೆ. ಊರವರ ಮನೆಯ ಮೆಷಿನ್ನುಗಳೆಲ್ಲ ಅವರ ಕೈ ತಾಗಿದರೆ ಗಿರಗಿರ ತಿರುಗುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಒಂದು ಬಕೆಟ್ಟು, ಒಂದು ಬ್ರಷ್ಷು, ಮತ್ತೆ ನಾನು.

"ಇರೋದ್ರಲ್ಲೇ ಖುಷಿಯಾಗಿರಬೇಕು ಕಣೇ. ಈ ಜನ ಸಾಮಾನು ಸಾಮಾನು ಅಂತ ಸಾಯ್ತಾರೆ," ಅನ್ನುತ್ತಾರೆ, ನಾನು ಒಗೆದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ. ಪಕ್ಕದ ಮನೆಯವರಂತೂ ಆಸೆಯೇ ಇಲ್ಲದ ಮನುಷ್ಯ ಅಂತ ಹೊಗಳಿ ಅಟ್ಟಕ್ಕೇರಿಸಿದ್ದಾರೆ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮೊನ್ನೆ ಗಿರಾಕಿಯೊಬ್ಬರು ಹೊಸ ಮೆಷಿನ್ ಕೊಂಡು, ಚೆನ್ನಾಗೇ ಓಡುತ್ತಿದ್ದ ಹಳೆಯದನ್ನು ಪುಕ್ಕಟೆ ಕೊಡುತ್ತೇನೆ ಅಂದರಂತೆ. ಈ ಪುಣ್ಯಾತ್ಮರು ಬೇಡ ಅಂದು ಬಂದರು. ಅದನ್ನು ಊಟಕ್ಕೆ ಕೂತಾಗ ಹೆಮ್ಮೆಯಿಂದ ಬೇರೆ ಹೇಳಿದರು.

"ನನ್ನನ್ನೊಂದು ಮಾತು ಕೇಳಿದ್ರಾ?" ಅಂದೆ.

"ನಮಗ್ಯಾಕೆ ಅದೆಲ್ಲ?" ಅಂದರು.

ನಮಗಂತೆ! ಆ 'ನಮ್ಮ'ಲ್ಲಿ ಬಕೆಟ್ ಮುಟ್ಟುವವಳು ನಾನೊಬ್ಬಳೇ.

ಭಾನುವಾರ ಬೆಳಿಗ್ಗೆ ದಪ್ಪ ಹೊದಿಕೆ, ಅವರ ಗ್ರೀಸ್ ಮೆತ್ತಿದ ಪ್ಯಾಂಟುಗಳನ್ನೆಲ್ಲ ನೆನೆಹಾಕಿ, ಬಕೆಟ್ಟನ್ನು ಅವರ ಮುಂದೆ ಕುಕ್ಕಿದೆ. "ಇಷ್ಟು ವರ್ಷ ನಿಮ್ಮ ತೃಪ್ತಿನ ನಾನು ಒಗೆದೆ. ಇವತ್ತು ನೀವೇ ಒಗೀರಿ," ಅಂದು ಕುರ್ಚಿ ಎಳೆದುಕೊಂಡು ಕೂತೆ.

ಮೊದಲ ಪ್ಯಾಂಟಿಗೆ ಹಾಡು ಗುನುಗಿದರು. ಎರಡನೆಯದಕ್ಕೆ ಹಾಡು ನಿಂತಿತು. ಹೊದಿಕೆ ಹಿಂಡುವಾಗ ಇನ್ನೊಂದು ತುದಿ ಹಿಡಿಯಲಿ ಅಂತ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಕೊನೆಗೆ ಸೊಂಟ ಹಿಡಿದುಕೊಂಡು ಎದ್ದು, ಒದ್ದೆ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು ಫೋನ್ ಮಾಡಿದರು.

"ನಮಸ್ಕಾರ ಸಾರ್. ಆ ಹಳೇ ಮೆಷಿನ್... ಯಾರಿಗಾದ್ರೂ ಕೊಟ್ಬಿಟ್ರಾ?"